ಮಕ್ಕಳ ಸ್ಲೀಪ್ ಅಪ್ನಿಯಾ ಮತ್ತು ವಕ್ರದಂತ ಚಿಕಿತ್ಸೆ: ಪೋಷಕರು ತಿಳಿದಿರಬೇಕಾದ ಸಂಗತಿಗಳು

ತರಗತಿಯಲ್ಲಿ ತೂಕಡಿಸುವ, ಪಾಠದಲ್ಲಿ ಗಮನ ನಿಲ್ಲದ, ಸಣ್ಣ ಮಾತಿಗೂ ಸಿಡುಕುವ ಮಗುವಿಗೆ ಸೋಮಾರಿ, ದಡ್ಡ ಎಂಬ ಹೆಸರು ಬೇಗನೆ ಅಂಟಿಕೊಳ್ಳುತ್ತದೆ. ಗಡಿನಾಡಿನಲ್ಲಿ ಕನ್ನಡ ಮಾಧ್ಯಮವನ್ನೇ ದೂರುವವರೂ ಇದ್ದಾರೆ. ಆದರೆ ಇಂತಹ ಕೆಲವು ಮಕ್ಕಳ ತೊಂದರೆ ಇರುವುದು ರಾತ್ರಿಯ ಉಸಿರಾಟದಲ್ಲಿ. ಬಾಯಿಯಿಂದ ಉಸಿರಾಡುವುದಕ್ಕೂ ಕಲಿಕೆಯಲ್ಲಿ ಹಿಂದುಳಿಯುವುದಕ್ಕೂ ಇರುವ ನಂಟನ್ನು ವಿಲಿಯಂ ಹಿಲ್ ಎಂಬ ವೈದ್ಯರು 1889ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು.

ಕಾರಣ ಮತ್ತು ಲಕ್ಷಣಗಳು

ನಿದ್ರೆಯಲ್ಲಿ ಗಂಟಲಿನ ಶ್ವಾಸಮಾರ್ಗವು ಪದೇ ಪದೇ ಅರೆಬರೆಯಾಗಿ ಅಥವಾ ಪೂರ್ತಿಯಾಗಿ ಮುಚ್ಚಿಕೊಳ್ಳುವುದೇ ಈ ತೊಂದರೆ. ನೂರು ಮಕ್ಕಳಲ್ಲಿ 1ರಿಂದ 5 ಮಂದಿಗೆ ಇದು ಇರಬಹುದೆಂದು ಅಂದಾಜಿಸಲಾಗಿದೆ. 2ರಿಂದ 8ರ ವಯಸ್ಸಿನಲ್ಲಿ ಇದು ಹೆಚ್ಚು. ಮುಖ್ಯ ಕಾರಣ ದೊಡ್ಡದಾದ ಟಾನ್ಸಿಲ್ ಮತ್ತು ಅಡಿನಾಯ್ಡ್. ಬೊಜ್ಜು, ಡೌನ್ ಸಿಂಡ್ರೋಮ್, ಕಿರಿದಾದ ಮೇಲ್ದವಡೆ, ಹಿಂದಕ್ಕೆ ಸರಿದ ಕೆಳದವಡೆಗಳೂ ಕಾರಣವಾಗಬಲ್ಲವು.

ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಏದುಸಿರು, ಬಾಯಿ ತೆರೆದ ನಿದ್ರೆ, ಕತ್ತು ಹಿಂದಕ್ಕೆ ಚಾಚಿ ಮಲಗುವುದು, ಬೆವರು, ಹಾಸಿಗೆಯಲ್ಲಿ ಮೂತ್ರ, ಬೆಳಗಿನ ತಲೆನೋವು ಇದರ ಲಕ್ಷಣಗಳು. ಮಗು ಹಗಲಿನಲ್ಲಿ ತೂಕಡಿಸುವ ಬದಲು ಅತಿ ಚಟುವಟಿಕೆಯಿಂದಲೂ ಇರಬಹುದು.

ಮೊದಲ ಹೆಜ್ಜೆ

ಮಕ್ಕಳ ವೈದ್ಯರು ಹಾಗೂ ಕಿವಿ-ಮೂಗು-ಗಂಟಲು ತಜ್ಞರನ್ನು ಮೊದಲು ಕಾಣಬೇಕು. ರೋಗವನ್ನು ಖಚಿತಪಡಿಸುವುದು ರಾತ್ರಿಯಿಡೀ ನಡೆಯುವ ನಿದ್ರಾ ಪರೀಕ್ಷೆ, ಅಂದರೆ ಪಾಲಿಸೋಮ್ನೋಗ್ರಫಿ. ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿದ್ದರೆ ಅವುಗಳನ್ನು ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 5ರಿಂದ 9 ವರ್ಷದ 464 ಮಕ್ಕಳಿದ್ದರು. ಬೇಗನೆ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 79ರಷ್ಟು, ಕಾದು ನೋಡಿದವರಲ್ಲಿ ಶೇ. 46ರಷ್ಟು ಮಕ್ಕಳ ನಿದ್ರಾ ಪರೀಕ್ಷೆ ಏಳು ತಿಂಗಳಲ್ಲಿ ಸಹಜವಾಗಿತ್ತು. ಶಸ್ತ್ರಚಿಕಿತ್ಸೆಯ ನಂತರವೂ ಐವರಲ್ಲಿ ಒಬ್ಬರಿಗೆ ತೊಂದರೆ ಉಳಿಯಿತು ಎಂಬುದನ್ನೂ ಗಮನಿಸಬೇಕು. ಅಂತಹವರಲ್ಲಿ ದವಡೆಯ ರಚನೆಯನ್ನೂ ಪರಿಶೀಲಿಸಬೇಕಾಗುತ್ತದೆ.

ವಕ್ರದಂತ ತಜ್ಞರ ಪಾತ್ರ

ಬಾಯಿಯ ಅಂಗುಳವೇ ಮೂಗಿನ ನೆಲ. ಮೇಲ್ದವಡೆ ಕಿರಿದಾಗಿ ಅಂಗುಳ ಎತ್ತರವಾಗಿದ್ದರೆ ಮೂಗಿನ ದಾರಿಯೂ ಇಕ್ಕಟ್ಟಾಗಬಹುದು. ಇಂತಹ ಮಕ್ಕಳಿಗೆ ಮೇಲಿನ ದವಡೆಹಲ್ಲುಗಳಿಗೆ ಎಕ್ಸ್‌ಪ್ಯಾಂಡರ್ ಎಂಬ ಸಾಧನವನ್ನು ಕೂರಿಸುತ್ತಾರೆ. ಅದರ ನಡುವಿನ ತಿರುಪನ್ನು ಮನೆಯವರು ವೈದ್ಯರು ಹೇಳಿದಂತೆ ದಿನಕ್ಕೆ ಒಂದೆರಡು ಬಾರಿ ತಿರುಗಿಸಬೇಕು. ಒಂದು ಸುತ್ತಿನ ಕಾಲು ಭಾಗಕ್ಕೆ ಸುಮಾರು 0.25 ಮಿಲಿಮೀಟರ್ ಅಗಲಿಕೆ. ಅಂಗುಳದ ನಡುವಿನ ಕೂಡುಗೆರೆ ಕೆಲವು ವಾರಗಳಲ್ಲಿ ಬಿಡಿಸಿಕೊಳ್ಳುತ್ತದೆ. ಆ ಎಡೆಯಲ್ಲಿ ಮೂಳೆ ತುಂಬುವವರೆಗೆ ಸಾಧನವನ್ನು ಇನ್ನೂ ಕೆಲವು ತಿಂಗಳು ಹಾಗೆಯೇ ಇಡುತ್ತಾರೆ. ವಯಸ್ಸು ಏರಿದಂತೆ ಈ ಕೂಡುಗೆರೆ ಗಟ್ಟಿಯಾಗುವುದರಿಂದ ಹರೆಯಕ್ಕೆ ಮುನ್ನವೇ ಚಿಕಿತ್ಸೆ ಸುಲಭ. 7ನೆಯ ವಯಸ್ಸಿನೊಳಗೆ ಒಮ್ಮೆ ವಕ್ರದಂತ ತಪಾಸಣೆ ಆಗಬೇಕೆಂಬುದು ತಜ್ಞರ ಸಲಹೆ.

ಕೆಳದವಡೆ ಹಿಂದಕ್ಕಿದ್ದರೆ ಅದನ್ನು ಮುಂದಕ್ಕೆ ಹಿಡಿದಿಡುವ ಟ್ವಿನ್ ಬ್ಲಾಕ್‌ನಂತಹ ಸಾಧನವನ್ನು, ಬೆಳವಣಿಗೆ ಚುರುಕಾಗಿರುವ ವಯಸ್ಸಿನಲ್ಲಿ, ಬಳಸುವುದುಂಟು.

ಎಚ್ಚರಿಕೆ

ಗೊರಕೆ ಹೊಡೆಯುವ ಪ್ರತಿಯೊಂದು ಮಗುವಿಗೂ ಈ ಸಾಧನಗಳು ಬೇಕಿಲ್ಲ. ದವಡೆಯಲ್ಲಿ ದೋಷವಿಲ್ಲದಿರುವಾಗ ಸ್ಲೀಪ್ ಅಪ್ನಿಯಾ ಬಾರದಂತೆ ತಡೆಯಲೆಂದು ಅಂಗುಳ ಅಗಲಿಸುವುದನ್ನು ಅಮೆರಿಕದ ವಕ್ರದಂತ ತಜ್ಞರ ಸಂಘದ 2019ರ ವರದಿ ಒಪ್ಪುವುದಿಲ್ಲ. ರೋಗವನ್ನು ನಿರ್ಣಯಿಸಬೇಕಾದವರು ವೈದ್ಯರೆಂದೂ ಅದು ಹೇಳುತ್ತದೆ. ನಿದ್ರಾ ಪರೀಕ್ಷೆಯಿಲ್ಲದೆ ದುಬಾರಿ ಸಾಧನವನ್ನು ಸೂಚಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಪೋಷಕರ ಹಕ್ಕು.

ಗಡಿನಾಡ ಪೋಷಕರಿಗೆ

ನೆರೆ ಭಾಷೆಯ ಆಸ್ಪತ್ರೆಯಲ್ಲಿ ಲಕ್ಷಣ ವಿವರಿಸಲು ತೊಡಕಾದರೆ ಗೊರಕೆಗೆ ಮಲಯಾಳದಲ್ಲಿ ಕೂರ್ಕಂವಲಿ, ತಮಿಳಿನಲ್ಲಿ ಕುರಟ್ಟೈ, ತೆಲುಗಿನಲ್ಲಿ ಗುರಕ, ಮರಾಠಿಯಲ್ಲಿ ಘೋರಣೆ ಎನ್ನುತ್ತಾರೆಂಬುದು ನೆನಪಿರಲಿ. ಮಗು ನಿದ್ರಿಸುವಾಗ ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೊ ತೆಗೆದು ವೈದ್ಯರಿಗೆ ತೋರಿಸಿದರೆ ಮಾತಿನ ಕೊರತೆ ತಕ್ಕಮಟ್ಟಿಗೆ ನೀಗುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ದಂತ ಸಮಸ್ಯೆಗಳನ್ನೂ ನೋಡುತ್ತದೆ; ಗೊರಕೆಯ ವಿಷಯವನ್ನು ಅವರಿಗೆ ತಪ್ಪದೆ ತಿಳಿಸಿ. ದಂತ ವೈದ್ಯಕೀಯ ಕಾಲೇಜುಗಳ ವಕ್ರದಂತ ವಿಭಾಗಗಳಲ್ಲಿ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ವೆಚ್ಚ ಕಡಿಮೆ.

ತರಗತಿಯಲ್ಲಿ ಪದೇ ಪದೇ ನಿದ್ರಿಸುವ ಮಗುವನ್ನು ಗದರಿಸುವ ಮೊದಲು ಅದರ ರಾತ್ರಿಯ ನಿದ್ರೆಯ ಕುರಿತು ಮನೆಯವರನ್ನು ವಿಚಾರಿಸುವುದು ಶಿಕ್ಷಕರಾದ ನಮ್ಮ ಕರ್ತವ್ಯ. ಮನೆಯಲ್ಲಿ ಕಂಡದ್ದನ್ನು ಪೋಷಕರೂ ಸಂಕೋಚವಿಲ್ಲದೆ ನಮಗೆ ತಿಳಿಸಬೇಕೆಂದು ಕೋರುತ್ತೇವೆ.