ಗಾಜಿನ ತೊಟ್ಟಿಯಲ್ಲಿ ಕಡಲು ಕದಡಿದಾಗ

ಈ ಸಲದ ಪ್ರಶ್ನೆ ಮುಂಡಗೋಡದ್ದು. ಮನೆಯಲ್ಲಿ ಉಪ್ಪುನೀರಿನ ರೀಫ್ ಅಕ್ವೇರಿಯಂ ಇದೆ. ರಾತ್ರಿ ತಿಳಿಯಾಗಿದ್ದ ನೀರು ಬೆಳಗಾಗೋದರೊಳಗೆ ಅಕ್ಕಚ್ಚಿನ ಬಣ್ಣಕ್ಕೆ ತಿರುಗಿದೆ. ಯಾಕೆ?

ಮುಂಡಗೋಡ ಉತ್ತರ ಕನ್ನಡದ್ದೇ ಆದರೂ ಘಟ್ಟದ ಮೇಲಿನ ಊರು. ಕಡಲು ಬೇಕಂದ್ರೆ ಪ್ಯಾಕೆಟ್ಟಿನ ಉಪ್ಪು ಕರಗಿಸಿ ಮಾಡ್ಕೋಬೇಕು. ನಮ್ಮ ಜಿಲ್ಲೆಯ ನಿಜವಾದ ಹವಳ ಇರೋದು ಮುರುಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತ. ಅಲ್ಲಿಂದ ಒಂದು ತುಂಡೂ ತರೋ ಹಾಗಿಲ್ಲ. 2001ರಿಂದ ಕಲ್ಲುಹವಳಗಳಿಗೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ.

ಸರಿ, ಕದಡಿದ ನೀರಿಗೆ ಬರೋಣ. ಈ ಪ್ರಶ್ನೆಗೆ ವಯಸ್ಸು ನೂರೈವತ್ತು ವರ್ಷಕ್ಕೂ ಹೆಚ್ಚು. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸುಮಾರು 54 ಲೀಟರಿನ ಸಿಹಿನೀರಿನ ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಷ್ ಮತ್ತು ಒಂದು ಜಲಸಸ್ಯ ಇಟ್ಟ. ಗಿಡ ಆಮ್ಲಜನಕ ಕೊಡುತ್ತೆ, ಮೀನು ಬದುಕುತ್ತೆ ಅನ್ನೋದು ಅವನ ಲೆಕ್ಕ. ಲೆಕ್ಕ ಸರಿಯೇ ಇತ್ತು, ಆದರೆ ಹಳೇ ಎಲೆಗಳು ಕೊಳೆತು ನೀರು ಕದಡಿತು. ವಾರಿಂಗ್ಟನ್ ನೀರು ಬದಲಿಸಲಿಲ್ಲ, ಬಸವನಹುಳು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯ್ತು. 1850ರಲ್ಲಿ ಇದನ್ನು ಪ್ರಬಂಧವಾಗಿ ಪ್ರಕಟಿಸಿದ.

ಎಲ್ಲೋ ಏನೋ ಕೊಳೀತಾ ಇದೆ ಅನ್ನೋ ಆ ಗುಮಾನಿ ಇವತ್ತಿಗೂ ಮೊದಲನೇದು. ಕಲ್ಲಿನ ಹಿಂದೆ ಸತ್ತ ಮೀನು, ಜಾಸ್ತಿ ಬಿದ್ದ ಆಹಾರ, ಮಳೆಗಾಲದ ರಾತ್ರಿ ಕರೆಂಟ್ ಹೋಗಿ ನಿಂತ ಪಂಪು. ಅದನ್ನು ತಿಂದು ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಬೆಳೆಯುತ್ತವೆ. ಆ ಬಿಳುಪು ಅಂದರೆ ಅವೇ. ಮೀನನ್ನು ಕೊಲ್ಲೋದು ಬಿಳುಪಲ್ಲ, ಅಷ್ಟೂ ಬ್ಯಾಕ್ಟೀರಿಯಾ ಸೇರಿ ನೀರಿನ ಆಮ್ಲಜನಕ ಹೀರಿಬಿಡೋದು. ಮೀನು ಮೇಲೆ ಬಂದು ಬಾಯಿ ಬಿಡ್ತಾ ಇದ್ದರೆ ನಿಮ್ಮ ಹತ್ತಿರ ಇರೋದು ಗಂಟೆಗಳು ಮಾತ್ರ.

ಎರಡನೇ ಗುಮಾನಿ ನಮ್ಮ ಎಲೆ-ಅಡಿಕೆ ತಟ್ಟೆಯಲ್ಲೇ ಇದೆ: ಸುಣ್ಣ! ಹವಳ ತನ್ನ ಗೂಡು ಕಟ್ಟೋದು ಸುಣ್ಣದ ಅಂಶದಿಂದ. ಅದಕ್ಕೇ ಪೀಟರ್ ವಿಲ್ಕೆನ್ಸ್ ಎಂಬಾತ 1970ರ ದಶಕದಲ್ಲಿ ತೊಟ್ಟಿಗೆ ಸುಣ್ಣದ ತಿಳಿ ಹನಿಸುವ ಪದ್ಧತಿಯನ್ನು ಜರ್ಮನ್ ಹವ್ಯಾಸಿಗಳಲ್ಲಿ ಜನಪ್ರಿಯ ಮಾಡಿದರು. ನಿಧಾನವಾಗಿ ಹನಿಸಿದರೆ ಹವಳಕ್ಕೆ ಊಟ. ಒಮ್ಮೆಲೇ ಸುರಿದರೆ ನೀರಿನ ಕ್ಷಾರ ಏರಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಬೇರ್ಪಡುತ್ತೆ. ಶಾಲೆಯಲ್ಲಿ ಸುಣ್ಣದ ತಿಳಿಗೆ ಕೊಳವೆಯಿಂದ ಉಸಿರು ಊದಿ ಹಾಲಿನ ಹಾಗೆ ಮಾಡಿದ್ದು ನೆನಪಿದೆಯಲ್ಲ? ಅದೇ ಪುಡಿ.

ಯಾವುದು ಅಂತ ಹೇಗೆ ತಿಳಿಯೋದು? ಒಂದು ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ತಗೊಂಡು ಒಂದಿಷ್ಟು ವಿನಿಗರ್ ಹಾಕಿ. ಲೋಟಕ್ಕೆ ಕಣ್ರೀ, ತೊಟ್ಟಿಗಲ್ಲ. ತಿಳಿಯಾದರೆ ಸುಣ್ಣ. ಆಗದಿದ್ದರೆ ಇನ್ನೊಂದು ಲೋಟ ಹಾಗೇ ಇಡಿ. ತಳಕ್ಕೆ ಕೂತರೆ ಮರಳು ಕೆದರಿದೆ, ಏಡಿಯೋ ಮೀನೋ ಕೆದರಿರಬೇಕು. ಕೂರದೆ ವಾಸನೆಯೂ ಬಂದರೆ ಬ್ಯಾಕ್ಟೀರಿಯಾ ಅಂತಲೇ ಹಿಡೀಬಹುದು.

ನೀರು ಹಸಿರಾಗಿದ್ದರೆ ಬೇರೆ ಕಥೆ. 1853ರಲ್ಲಿ ತೆರೆದ ಲಂಡನ್ ಮೃಗಾಲಯದ ಮೀನುಮನೆಗೆ ಆ ಕಾಟ ಇತ್ತು, ಬೆಳಕು ಜಾಸ್ತಿಯಾಗಿ ಪಾಚಿ. ವಿಲಿಯಂ ಆಲ್ಫರ್ಡ್ ಲಾಯ್ಡ್ 1871ರ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂನಲ್ಲಿ ನೆಲದಡಿ ಕತ್ತಲ ತೊಟ್ಟಿ ಕಟ್ಟಿಸಿ, ನೀರು ಸದಾ ಸುತ್ತುವ ಹಾಗೆ ಮಾಡಿ ಅದನ್ನು ಬಗೆಹರಿಸಿದ.

ಬ್ಯಾಕ್ಟೀರಿಯಾ ಅಂತ ಗೊತ್ತಾದರೆ ಸತ್ತದ್ದನ್ನು ಹುಡುಕಿ ತೆಗೀರಿ, ಆಹಾರ ನಿಲ್ಲಿಸಿ, ಗಾಳಿ ಕೊಡಿ. ಕರೆಂಟ್ ಇಲ್ಲ ಅಂತೀರಾ? 1846ರಲ್ಲಿ ಆ್ಯನಾ ಥಿನ್ ಎಂಬಾಕೆ ಟಾರ್ಕಿ ಕಡಲತೀರದಿಂದ ಲಂಡನ್ನಿಗೆ ಹವಳ ತಂದು ಸಾಕಿದಾಗ ಯಾವ ಪಂಪೂ ಇರಲಿಲ್ಲ. ಮನೆಗೆಲಸದಾಕೆ ದಿನಾ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಎದುರು ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯುತ್ತಿದ್ದಳು. ಚಹಾ ಆರಿಸೋ ಹಾಗೆ, ಒಂದು ಚೊಂಬು ತಗೊಂಡು ಎತ್ತರದಿಂದ ಹೊಯ್ಯಿರಿ. ಪಂಪು ಶುರುವಾಗೋ ತನಕ ಬಿಡಬೇಡಿ.