ನಾಗಾವಿಯ ಸರಸ್ವತೀಭಂಡಾರಿಗರು

ಕರ್ಣಾಟಕದ ಘಟಿಕಾಸ್ಥಾನಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಪಾಠಕ್ರಮವನ್ನೂ ವಿಚಾರಿಸಿ ಮುಗಿಸುವುದುಂಟು. ಅಲ್ಲಿಯ ಪುಸ್ತಕಗಳನ್ನು ಕಾಪಾಡಿದವರ ಮಾತು ಅಪೂರ್ವ. ಚಿತ್ತಾಪುರಕ್ಕೆ ಸಮೀಪವಾದ ನಾಗಾವಿಯ ಶಾಸನವು ಈ ವಿಷಯದಲ್ಲಿ ಗಮನಾರ್ಹವಾದುದು. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಕ್ರಿ. ಶ. 1058ರಲ್ಲಿ ನೆಲೆಗೊಳಿಸಿದ ಆ ಘಟಿಕೆಯಲ್ಲಿ ವೇದಾಧ್ಯಾಯಿಗಳು 200 ಮಂದಿ, ಶಾಸ್ತ್ರಾಧ್ಯಾಯಿಗಳು 52 ಮಂದಿ; ಉಪಾಧ್ಯಾಯರು ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು. ಇವರೊಡನೆ ಸರಸ್ವತೀಭಂಡಾರಿಗರು ಆರು ಮಂದಿ.

ಬೋಧಿಸುವವರೆಷ್ಟೋ ಪುಸ್ತಕ ಕಾಯುವವರೂ ಅಷ್ಟೇ! ಇದನ್ನು ದಾನಿಯ ಆಡಂಬರವೆನ್ನಲಾಗದು. ಓಲೆಗರಿಯು ಹುಳುವಿಗೂ ತೇವಕ್ಕೂ ತುತ್ತಾಗುವ ವಸ್ತು. ಆಗಾಗ ಬಿಚ್ಚಿ ನೋಡಿ, ಎಣ್ಣೆ ಸವರಿ, ಜೀರ್ಣವಾದುದನ್ನು ಹೊಸ ಗರಿಗೆ ಇಳಿಸದಿದ್ದರೆ ಗ್ರಂಥವೇ ಇಲ್ಲವಾಗುತ್ತದೆ. ಹಾಗೆ ಇಳಿಸತಕ್ಕವನಿಗೆ ಶಾಸ್ತ್ರಪರಿಚಯವಿಲ್ಲದಿದ್ದರೆ ಪ್ರತಿಯಿಂದ ಪ್ರತಿಗೆ ಅಪಪಾಠಗಳು ಬೆಳೆಯುವುದು ನಿಶ್ಚಯ. (ಹಸ್ತಪ್ರತಿಗಳೊಡನೆ ಹೆಣಗಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.) ಆದಕಾರಣ ಭಂಡಾರಿಗನನ್ನು ಬೀಗದ ಕೈ ಹಿಡಿದ ಕಾವಲುಗಾರನೆಂದಷ್ಟೇ ಎಣಿಸುವುದು ಯುಕ್ತವಲ್ಲವೆಂದು ನಮಗೆ ತೋರುತ್ತದೆ, ಅವನು ಓದಬಲ್ಲವನೇ ಆಗಿದ್ದಿರಬೇಕು.

ಓದಬಲ್ಲ ಭಂಡಾರಿಗನಿಂದ ಏನಾಗುವುದೆಂಬುದಕ್ಕೆ ಈಚಿನ ನಿದರ್ಶನವೊಂದುಂಟು. ಮೈಸೂರಿನ ಪ್ರಾಚ್ಯ ಪುಸ್ತಕಾಲಯವು 1891ರಲ್ಲಿ ಸ್ಥಾಪಿತವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟೊಂದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದವರು ಅಲ್ಲಿಯೇ ಪುಸ್ತಕಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಪಟ್ಟಿಯಲ್ಲಿ ಹೆಸರು ಬರೆದು ಕಟ್ಟನ್ನು ಕಪಾಟಿಗೆ ಸೇರಿಸಿದ್ದರೂ ಅವರ ಉದ್ಯೋಗಕ್ಕೆ ಕುಂದುಂಟಾಗುತ್ತಿರಲಿಲ್ಲ. ಅವರು ಅದನ್ನು ಶೋಧಿಸಿ 1909ರಲ್ಲಿ ಮುದ್ರಿಸಿದರು. ಅವರ ಆಂಗ್ಲಾನುವಾದವು 1915ರಲ್ಲಿ ಹೊರಬಂದಿತು.