ಮಹಾನವಮಿ ಪದದಿಂದ ಮಕ್ಕಳ ಸಂತೆಯವರೆಗೆ

ಇವತ್ತು 'ಕಡತ' ಎಂದರೆ ನಮಗೆ ನೆನಪಾಗುವುದು ಸರ್ಕಾರಿ ಕಚೇರಿಯ ಫೈಲು. ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಮಕ್ಕಳಿಗೆ ಅದು ಬರೆಯುವ ಹಲಗೆಯ ಹಾಗೆ ಬಳಕೆಯಾಗುತ್ತಿದ್ದ ವಸ್ತು. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲಿನ ಕಪ್ಪು ಬಳಿದರೆ ಕಡತ ಸಿದ್ಧ. ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ವ್ಯಾಪಾರಿಗಳು ಲೆಕ್ಕ ಇಡುತ್ತಿದ್ದದ್ದೂ ಕಡತದಲ್ಲೇ. ಅಂದರೆ ಹುಡುಗ ಮಠದಲ್ಲಿ ಯಾವುದರ ಮೇಲೆ ಕೈ ತಿದ್ದುತ್ತಿದ್ದನೋ, ಮುಂದೆ ಅಂಗಡಿಯಲ್ಲಿ ಕೂತಾಗಲೂ ಅದನ್ನೇ ಬಿಚ್ಚುತ್ತಿದ್ದ.

ಈ ವಿವರ ನನಗೆ ಸಿಕ್ಕಿದ್ದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತ್ಯದ ಶಾಲೆಗಳ ಲೆಕ್ಕ ಕೊಡುವಂತೆ ಎಲ್ಲ ಜಿಲ್ಲೆಗಳನ್ನೂ ಕೇಳಿದ್ದ. ಹಲವರು ಅಂಕಿಗಳ ಪಟ್ಟಿ ಕಳಿಸಿ ಸುಮ್ಮನಾದರು. ಕ್ಯಾಂಪ್‌ಬೆಲ್ ಮಾತ್ರ ಶಾಲೆಯ ದಿನಚರಿಯನ್ನೂ ಬರೆದ. ಧರ್ಮಪಾಲರು 1983ರಲ್ಲಿ ಈ ದಾಖಲೆಗಳನ್ನು ಒಟ್ಟುಮಾಡಿ ಪ್ರಕಟಿಸಿದ ಮೇಲೆ ಅವುಗಳ ಬಗ್ಗೆ ಬಹಳ ವಾದಗಳಾಗಿವೆ. ನನ್ನ ಕುತೂಹಲ ಆ ವಾದಗಳಿಗಿಂತ ಚಿಕ್ಕದು: ಪ್ರಾಥಮಿಕ ಶಾಲೆಯಲ್ಲಿ ಹಬ್ಬಕ್ಕೂ ಪಾಠಕ್ಕೂ ಏನು ಸಂಬಂಧವಿತ್ತು?

ಮಗುವಿನ ಓದು ಆರಂಭವಾಗುತ್ತಿದ್ದುದೇ ಹಬ್ಬದಿಂದ. ಐದು ವರ್ಷ ತುಂಬಿದಾಗ ಮನೆಯವರು ಅಯ್ಯನವರನ್ನೂ ಶಾಲೆಯ ಅಷ್ಟೂ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕೂರುತ್ತಿದ್ದರು. ಅಯ್ಯನವರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಿದ್ದರು, ಮನೆಯವರು ಕೈಲಾದ ಕಾಣಿಕೆ ಕೊಡುತ್ತಿದ್ದರು. ಮರುದಿನದಿಂದ ಅದೇ ಬೆರಳು ಶಾಲೆಯ ಮರಳಿನ ಮೇಲೆ ಓಡುತ್ತಿತ್ತು. ಅಕ್ಕಿಯಿಂದ ಮರಳಿಗೆ, ಮರಳಿನಿಂದ ಹಲಗೆಗೆ, ಕಡತಕ್ಕೆ, ಓಲೆಗೆ ಕೈ ಒಂದೊಂದೇ ಮೆಟ್ಟಿಲು ಏರುತ್ತಿತ್ತು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ತಡವಾದಷ್ಟೂ ಏಟು ಹೆಚ್ಚು.

ಇನ್ನೊಂದು ಹಬ್ಬ ವರ್ಷಕ್ಕೊಮ್ಮೆ ಬರುತ್ತಿತ್ತು. ಕನ್ನಡ ನಾಡಿನ ಹಲವೆಡೆ ಕೂಲಿ ಮಠ, ಗಾವಟಿ ಶಾಲೆ, ಐಗಳ ಮಠ ಎಂದೆಲ್ಲ ಕರೆಯುತ್ತಿದ್ದ ಈ ಶಾಲೆಗಳ ಮಕ್ಕಳು ಮಹಾನವಮಿಯ ದಿನಗಳಲ್ಲಿ ಕೋಲು ಹಿಡಿದು, ಮೇಷ್ಟರ ಜೊತೆ ಮನೆಮನೆಗೆ ಹೋಗಿ ಚೌಪದ ಹಾಡುತ್ತಿದ್ದರು. ಮಳೆ ಬೆಳೆ ಆಗಲಿ, ಮನೆ ತುಂಬಿರಲಿ ಎಂಬ ಹರಕೆಯ ಪದಗಳು. ಮನೆಯವರು ಕೊಟ್ಟ ದುಡ್ಡು, ದವಸ ಮೇಷ್ಟರಿಗೆ ಸಲ್ಲುತ್ತಿತ್ತು. ಇದನ್ನು ಬರೀ ಭಿಕ್ಷೆ ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದೀತು. ವರ್ಷವಿಡೀ ಕಲಿತ ಕಂಠಪಾಠ, ತಾಳ, ಉಚ್ಚಾರಣೆ ಎಲ್ಲವನ್ನೂ ಊರು ತನ್ನ ಜಗಲಿಯಲ್ಲೇ ನಿಂತು ಪರೀಕ್ಷೆ ಮಾಡುತ್ತಿತ್ತು. ಹುಡುಗ ತಪ್ಪದೆ ಹಾಡಿದರೆ ಮೇಷ್ಟರ ಮರ್ಯಾದೆ, ಕಾಣಿಕೆ ಎರಡೂ ಏರುತ್ತಿದ್ದವು. ಪರೀಕ್ಷೆ, ವಾರ್ಷಿಕೋತ್ಸವ, ಸಂಬಳ ಮೂರೂ ಒಂದೇ ಹಬ್ಬದಲ್ಲಿ ಮುಗಿಯುತ್ತಿದ್ದವು.

ಇಲ್ಲಿಗೇ ನಿಲ್ಲಿಸಿದರೆ ಇದು ಹಳೆಯ ಕಾಲದ ಹೊಗಳಿಕೆಯಾಗುತ್ತದೆ. ಅದೇ ವರದಿಯ ಅಂಕಿಗಳನ್ನೂ ಓದಬೇಕು. ಈಗಿನ ಅನಂತಪುರವೂ ಸೇರಿದ್ದ ಆ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಕಲಿಯುತ್ತಿದ್ದವರು 6,641 ಮಂದಿ. ಬ್ರಾಹ್ಮಣ ಹುಡುಗರು 1,185 ಇದ್ದರೆ ಶೂದ್ರರೆಂದು ದಾಖಲಾದವರು 2,998. ಅಕ್ಷರವೆಲ್ಲ ಒಂದೇ ಜಾತಿಯ ಕೈಯಲ್ಲಿತ್ತು ಎಂಬ ಸಲೀಸಾದ ಮಾತನ್ನು ಈ ಅಂಕಿ ಒಪ್ಪುವುದಿಲ್ಲ. ಆದರೆ ಹುಡುಗಿಯರು ಎಷ್ಟು? ಇಡೀ ಜಿಲ್ಲೆಗೆ 60. ಗಣಪತಿಯ ಸುತ್ತ ಕೂರುತ್ತಿದ್ದ ಆ ವೃತ್ತದ ಹೊರಗೆ ನಿಂತು ನೋಡಿದ ಅಕ್ಕತಂಗಿಯರ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ.

ಕ್ಯಾಂಪ್‌ಬೆಲ್‌ನ ಇನ್ನೊಂದು ದೂರೂ ಮುಖ್ಯ. ಮಕ್ಕಳು ಪದ್ಯಗಳನ್ನು ಗಿಳಿಗಳ ಹಾಗೆ ಒಪ್ಪಿಸುತ್ತಾರೆ, ಅರ್ಥ ತಿಳಿದಿರುವುದಿಲ್ಲ ಎಂದು ಅವನು ಬರೆಯುತ್ತಾನೆ. ಕೈ ಕಲಿಯುತ್ತಿತ್ತು, ಬಾಯಿ ಕಲಿಯುತ್ತಿತ್ತು. ಪ್ರಶ್ನೆ ಕೇಳುವುದು ಕಲಿಕೆಯ ಭಾಗವಾಗಿರಲಿಲ್ಲ. ಆದರೆ ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಅವನು ಮೆಚ್ಚುತ್ತಾನೆ. ಇಂಗ್ಲೆಂಡು ಅದನ್ನು ಅನುಕರಿಸಿದ್ದು ಸರಿಯೇ ಎನ್ನುತ್ತಾನೆ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಪ್ರಯೋಗಿಸಿ, 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ್ದ. 'ಮದರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹೋಯಿತು.

ಹತ್ತೊಂಬತ್ತನೆಯ ಶತಮಾನದ ಎರಡನೆಯ ಭಾಗದಲ್ಲಿ ಸರ್ಕಾರಿ ಶಾಲೆ ಬಂತು. ಮೈಸೂರಿನಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳು ಹಳ್ಳಿಗಳನ್ನು ಮುಟ್ಟಿದವು. ಮೇಷ್ಟರಿಗೆ ಸಂಬಳ ಗೊತ್ತಾಯಿತು, ಪಠ್ಯಪುಸ್ತಕ ಬಂತು, ಪರೀಕ್ಷೆ ಮಾಡಲು ಇನ್‌ಸ್ಪೆಕ್ಟರು ಬಂದರು. ಇದರಿಂದ ಆದ ಲಾಭ ಸಣ್ಣದಲ್ಲ. ಸಂಬಳದ ಮೇಷ್ಟರು ಕಾಣಿಕೆ ಕೊಡಲಾಗದ ಮನೆಯ ಮಗುವನ್ನೂ ಸೇರಿಸಿಕೊಳ್ಳಬಹುದಿತ್ತು. ಆದರೆ ಹಬ್ಬಕ್ಕೂ ಪಾಠಕ್ಕೂ ಇದ್ದ ನಂಟು ಕಡಿಯಿತು. ಪರೀಕ್ಷೆ ಊರಿನ ಜಗಲಿಯಿಂದ ಇನ್‌ಸ್ಪೆಕ್ಟರರ ಮೇಜಿಗೆ ಹೋಯಿತು. ಮಹಾನವಮಿ ಶಾಲೆಗೆ ರಜೆಯಾಯಿತು. ನಮ್ಮ ಪೀಳಿಗೆಗೆ ಹಬ್ಬವೆಂದರೆ ಪಾಠ ಇಲ್ಲದ ದಿನ. ವಾರ್ಷಿಕೋತ್ಸವವೆಂದರೆ ಬಾಡಿಗೆಗೆ ತಂದ ವೇಷ, ಧ್ವನಿವರ್ಧಕ, ಅತಿಥಿಗಳ ಉದ್ದ ಭಾಷಣ.

ಕಡಿದ ನಂಟನ್ನು ಮತ್ತೆ ಹೊಸೆಯುವ ಪ್ರಯತ್ನಗಳಲ್ಲಿ ನನಗೆ ಹತ್ತಿರವಾದದ್ದು 'ನಲಿ-ಕಲಿ'. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ಅದು ಬಂತು. ಪುಸ್ತಕದ ಬದಲು ಕಾರ್ಡು, ಮಗು ತನ್ನ ವೇಗದಲ್ಲಿ ಏರುವ ಕಲಿಕಾ ಏಣಿ, ಗೋಡೆಯ ಬುಡದಲ್ಲಿ ಮಗುವಿನ ಕೈಗೆಟುಕುವ ಕರಿಹಲಗೆ. ಮಕ್ಕಳು ಕೂರುವ ಐದು ಗುಂಪುಗಳಿಗೆ 'ತಟ್ಟೆ' ಎಂದು ಹೆಸರು. ಅವುಗಳಲ್ಲಿ ಕೆಲವಕ್ಕೆ ಶಿಕ್ಷಕರ ನೆರವು, ಕೆಲವಕ್ಕೆ ಜೊತೆಯ ಮಕ್ಕಳದೇ ನೆರವು. ಕ್ಯಾಂಪ್‌ಬೆಲ್ ಮೆಚ್ಚಿದ ಕ್ರಮದ ನೇರ ವಂಶಜ ಇದು ಎಂದು ನಾನು ಹೇಳಲಾರೆ. ಇದು ಬಂದ ದಾರಿ ಬೇರೆ. ಆದರೂ ಒಬ್ಬರೇ ಮೇಷ್ಟರಿರುವ ಕೊಠಡಿಯಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಕೂತಾಗ ಹುಟ್ಟುವ ಪ್ರಶ್ನೆ ಎರಡು ಕಾಲಕ್ಕೂ ಒಂದೇ.

ಹಬ್ಬದ ಮರಳುವಿಕೆ ಇನ್ನೂ ಸ್ಪಷ್ಟವಾಗಿ ಕಾಣುವುದು ಶಾಲೆಗಳ 'ಮಕ್ಕಳ ಸಂತೆ'ಯಲ್ಲಿ. ಮನೆಯಲ್ಲಿ ಬೆಳೆದ ಸೊಪ್ಪು, ಬದನೆ, ನಿಂಬೆಹಣ್ಣು ತಂದು ಮಕ್ಕಳು ಅಂಗಳದಲ್ಲಿ ಹರಡಿ ಕೂರುತ್ತಾರೆ. ಊರವರೇ ಗಿರಾಕಿಗಳು. ಚೌಕಾಸಿ ನಡೆಯುತ್ತದೆ, ತೂಕವಾಗುತ್ತದೆ, ಚಿಲ್ಲರೆ ಎಣಿಸುವಾಗ ಕಳೆಯುವ ಲೆಕ್ಕ ತಪ್ಪಿದರೆ ಗಿರಾಕಿಯೇ ತಿದ್ದುತ್ತಾರೆ. ಊರು ಮತ್ತೆ ಪರೀಕ್ಷಕನಾಗುತ್ತದೆ. ಮಹಾನವಮಿ ಪದದಂತೆ ಇಲ್ಲಿ ಬಾಯಿಪಾಠ ನಡೆಯುವುದಿಲ್ಲ; ಐವತ್ತಕ್ಕೆ ಮೂವತ್ತೇಳು ಹೋದರೆ ಎಷ್ಟು ಎಂಬುದರ ಅರ್ಥ ತಿಳಿದೇ ಇರಬೇಕು.

ಇಂಥ ಸಂತೆಯನ್ನು ವರ್ಷಕ್ಕೊಂದು ಫೋಟೊಗಾಗಿ ನಡೆಸುವ ಅಪಾಯ ಇದ್ದೇ ಇದೆ. ಹಬ್ಬದ ಹಿಂದೆ ತಿಂಗಳುಗಟ್ಟಲೆ ಪಾಠವಿಲ್ಲದಿದ್ದರೆ ಅದು ಬಾಡಿಗೆ ವೇಷದ ಇನ್ನೊಂದು ರೂಪ. ಹಳೆಯ ಮಠಗಳಿಂದ ನಾವು ಕಲಿಯಬೇಕಾದದ್ದು ಅಕ್ಕಿ, ಮರಳು, ಕೋಲುಗಳನ್ನಲ್ಲ. ವರ್ಷದ ಕಲಿಕೆಯನ್ನು ಊರಿನ ಮುಂದೆ ಇಡುವ ಆ ಧೈರ್ಯವನ್ನು. ಅವು ಕಲಿಸದೇ ಹೋದದ್ದನ್ನು ನಾವೇ ಸೇರಿಸಿಕೊಳ್ಳಬೇಕು. ಸಂತೆಯ ದಿನ ತಕ್ಕಡಿ ಹಿಡಿದು ಕೂತವರಲ್ಲಿ ಅರ್ಧದಷ್ಟು ಹುಡುಗಿಯರಿದ್ದರೆ, ಆ ಅರುವತ್ತು ಮಂದಿಯಿಂದ ಇಲ್ಲಿಗೆ ಬರಲು ಎರಡು ಶತಮಾನ ಹಿಡಿಯಿತು ಎಂಬುದನ್ನು ನೆನೆಯದೆ ಆ ಹಬ್ಬವನ್ನು ಪೂರ್ತಿ ನೋಡಿದಂತಾಗುವುದಿಲ್ಲ.